ಹೆಸರಿಟ್ಟವರು ಯಾರು? ಕೃತಕ ಬುದ್ಧಿಮತ್ತೆಯ ಕಾಲದ ಪ್ರತಿಷ್ಠಾಪನಾ ಕಲೆ



ಲಂಡನ್ನಿನ ಬಾರ್ಬಿಕನ್ ಕಲಾಕೇಂದ್ರದಲ್ಲಿ ‘ಕರ್ವ್’ ಎಂಬ ಗ್ಯಾಲರಿಯೊಂದಿದೆ. ಬಾಗಿದ, ಉದ್ದನೆಯ ಓಣಿ ಅದು. ಬಾಗಿಲಲ್ಲಿ ನಿಂತವರಿಗೆ ಆಚೆಯ ತುದಿ ಕಾಣುವುದಿಲ್ಲ. ನಡೆದಂತೆಲ್ಲ ಗೋಡೆ ಕಣ್ಣಿಗೆ ಬೀಳುತ್ತ ಹೋಗುತ್ತದೆ. 2019ರ ಸೆಪ್ಟೆಂಬರಿನಿಂದ ಕೆಲವು ತಿಂಗಳ ಕಾಲ ಆ ಗೋಡೆಯ ತುಂಬ ಸುಮಾರು 30,000 ಪುಟ್ಟ ಛಾಯಾಚಿತ್ರಗಳಿದ್ದವು. ಒಂದೊಂದನ್ನೂ ಕೈಯಿಂದಲೇ ಪಿನ್ನು ಚುಚ್ಚಿ ನಿಲ್ಲಿಸಿದ್ದರು. ಮೊದಲಿಗೆ ಸೇಬುಹಣ್ಣು. ಅಲ್ಲಿಂದ ಮುಂದೆ ಚಿತ್ರಗಳು ಗುಂಪುಗುಂಪಾಗಿ ಹಬ್ಬುತ್ತವೆ, ಪ್ರತಿ ಗುಂಪಿಗೂ ಒಂದು ಹೆಸರಿನ ಚೀಟಿ. ಹಣ್ಣು, ಹೂವು ಇರುವ ತನಕ ನೋಡುಗರಿಗೆ ಏನೂ ಅನ್ನಿಸುವುದಿಲ್ಲ. ಸ್ವಲ್ಪ ದೂರ ಹೋದ ಮೇಲೆ ಮನುಷ್ಯರ ಮುಖಗಳು ಬರುತ್ತವೆ. ಅವುಗಳ ಪಕ್ಕದ ಚೀಟಿಗಳಲ್ಲಿ ‘ಸಾಲಗಾರ’, ‘ಕುಡುಕ’, ‘ಕೆಟ್ಟ ವ್ಯಕ್ತಿ’ ಎಂದಿದೆ. ಯಾರದೋ ಮದುವೆಯಲ್ಲೋ ಪ್ರವಾಸದಲ್ಲೋ ತೆಗೆದಿರಬಹುದಾದ ಸಾಮಾನ್ಯ ಫೋಟೋಗಳವು. ನೋಡುತ್ತ ನಿಂತವರ ಬಾಯಲ್ಲಿ ಒಂದೇ ಪ್ರಶ್ನೆ: ಇವರು ಕೆಟ್ಟವರು ಎಂದು ಹೇಳಿದವರು ಯಾರು?

ಈ ಕೃತಿಯನ್ನು ಮಾಡಿದವರು ಅಮೆರಿಕದ ಕಲಾವಿದ ಟ್ರೆವರ್ ಪ್ಯಾಗ್ಲೆನ್. ಚಿತ್ರಗಳನ್ನಾಗಲಿ ಹೆಸರುಗಳನ್ನಾಗಲಿ ಅವರು ತಾವಾಗಿ ಸೃಷ್ಟಿಸಲಿಲ್ಲ. ಎಲ್ಲವನ್ನೂ ‘ಇಮೇಜ್‌ನೆಟ್’ ಎಂಬ ಚಿತ್ರಭಂಡಾರದಿಂದ ಎತ್ತಿಕೊಂಡರು. ಕಂಪ್ಯೂಟರಿಗೆ ಲೋಕವನ್ನು ನೋಡಲು ಕಲಿಸಬೇಕೆಂದು ವಿಜ್ಞಾನಿ ಫೇ-ಫೇ ಲೀ ಮತ್ತು ಅವರ ಸಂಗಡಿಗರು ಕಟ್ಟಿ, 2009ರಲ್ಲಿ ವಿದ್ವತ್ ಲೋಕದ ಮುಂದಿಟ್ಟ ಭಂಡಾರ ಅದು. ಅದರಲ್ಲಿ 1 ಕೋಟಿ 40 ಲಕ್ಷಕ್ಕೂ ಹೆಚ್ಚು ಚಿತ್ರಗಳಿದ್ದವು, 20,000ಕ್ಕೂ ಮಿಗಿಲಾದ ವರ್ಗಗಳಿದ್ದವು. ಚಿತ್ರಗಳು ಬಂದದ್ದು ಅಂತರ್ಜಾಲದಿಂದ. ಅವುಗಳಿಗೆ ಹೆಸರಿಡುವ ಕೆಲಸವನ್ನು ಅಮೆಜಾನ್ ಕಂಪನಿಯ ‘ಮೆಕ್ಯಾನಿಕಲ್ ಟರ್ಕ್’ ಜಾಲತಾಣದ ಮೂಲಕ ಬಿಡಿಬಿಡಿಯಾಗಿ ಹಂಚಲಾಯಿತು. 167 ದೇಶಗಳ ಸುಮಾರು 50,000 ಮಂದಿ ಮನೆಯಲ್ಲೇ ಕುಳಿತು, ಚಿಲ್ಲರೆ ಕೂಲಿಗೆ, ಒಂದಾದ ಮೇಲೊಂದು ಚಿತ್ರ ನೋಡಿ ಇದು ನಾಯಿ, ಇದು ಕುರ್ಚಿ, ಇದು ಸೇಬು ಎಂದು ಗುರುತು ಹಾಕಿದರು. 2012ರಲ್ಲಿ ಇದೇ ಭಂಡಾರದ ಮೇಲೆ ನಡೆದ ಸ್ಪರ್ಧೆಯಲ್ಲಿ ‘ಅಲೆಕ್ಸ್‌ನೆಟ್’ ಎಂಬ ವ್ಯವಸ್ಥೆ ಉಳಿದವರನ್ನೆಲ್ಲ ಬಹಳ ಹಿಂದೆ ಹಾಕಿತು. ಈಗ ಕಾಣುತ್ತಿರುವ ಕೃತಕ ಬುದ್ಧಿಮತ್ತೆಯ ಭರಾಟೆಯ ಆರಂಭವನ್ನು ಅನೇಕರು ಗುರುತಿಸುವುದು ಅಲ್ಲಿಂದಲೇ.

ಅಂದರೆ ಇಮೇಜ್‌ನೆಟ್ ಸಾಮಾನ್ಯವಾದ ವಸ್ತುವಲ್ಲ, ಒಂದು ಯುಗದ ಅಡಿಪಾಯ. ಆದರೆ ಬಾರ್ಬಿಕನ್ ಗೋಡೆಗೆ ಬರುವ ತನಕ ಸಾರ್ವಜನಿಕರಲ್ಲಿ ಹೆಚ್ಚಿನವರು ಅದನ್ನು ಕಣ್ಣಾರೆ ನೋಡಿರಲಿಲ್ಲ. ಯಂತ್ರಕ್ಕೆ ಪಾಠ ಹೇಳಿದ ಪುಸ್ತಕವನ್ನು ಮನುಷ್ಯರು ಓದಲು ಒಂದು ಜಾಗ ಬೇಕಿತ್ತು. ಕಲೆ ಆ ಜಾಗವನ್ನು ಒದಗಿಸಿತು.

ಅದೇ 2019ರ ಸೆಪ್ಟೆಂಬರಿನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ, ಪ್ರಾಡಾ ಪ್ರತಿಷ್ಠಾನದ ಓಸ್ಸೆರ್ವಾತೋರಿಯೋ ಗ್ಯಾಲರಿಯಲ್ಲಿ, ‘ಟ್ರೈನಿಂಗ್ ಹ್ಯೂಮನ್ಸ್’ ಎಂಬ ಪ್ರದರ್ಶನ ತೆರೆಯಿತು. ಪ್ಯಾಗ್ಲೆನ್ ಜೊತೆ ಇದನ್ನು ರೂಪಿಸಿದವರು ಆಸ್ಟ್ರೇಲಿಯಾ ಮೂಲದ ಸಂಶೋಧಕಿ ಕೇಟ್ ಕ್ರಾಫರ್ಡ್. ಅದರೊಂದಿಗೆ ‘ಇಮೇಜ್‌ನೆಟ್ ರೂಲೆಟ್’ ಎಂಬ ಕೃತಿಯೂ ಜನರ ಮುಂದೆ ಬಂತು. ಮುಖ ತೋರಿಸಿದರೆ ಸಾಕು, ಇಮೇಜ್‌ನೆಟ್‌ನ ಮನುಷ್ಯವರ್ಗಗಳಲ್ಲಿ ಯಾವುದಕ್ಕೆ ನೀವು ಸೇರುತ್ತೀರಿ ಎಂದು ಅದು ಹೇಳಿಬಿಡುತ್ತಿತ್ತು. ಅಂಥ ವರ್ಗಗಳು 2,800ಕ್ಕೂ ಹೆಚ್ಚಿದ್ದವು. ‘ಕಪಟಿ’, ‘ಸೋತವ’, ‘ಕಳ್ಳಚಟದವ’ ಎಲ್ಲವೂ ಅದರಲ್ಲಿದ್ದವು. ಲಕ್ಷಾಂತರ ಜನ ಕುತೂಹಲದಿಂದ ತಮ್ಮ ಫೋಟೋ ಹಾಕಿ ನೋಡಿದರು. ಕೆಲವರಿಗೆ ನಗು ಬಂತು. ಕಪ್ಪು ವರ್ಣದ ಒಬ್ಬ ಯುವಕನನ್ನು ಅದು ‘ತಪ್ಪಿತಸ್ಥ’, ‘ಅಪರಾಧಿ’ ಎಂದು ಕರೆದಾಗ ಆ ನಗು ನಿಂತಿತು.

ಪರಿಣಾಮವೂ ಕಂಡಿತು. ಅದೇ ಸೆಪ್ಟೆಂಬರಿನಲ್ಲಿ ಇಮೇಜ್‌ನೆಟ್ ತಂಡ ಮನುಷ್ಯರ ಸುಮಾರು 6 ಲಕ್ಷ ಚಿತ್ರಗಳನ್ನು ತೆಗೆದುಹಾಕುವುದಾಗಿ ಪ್ರಕಟಿಸಿತು.

ಕೋಣೆಯನ್ನೇ ಕೃತಿಯಾಗಿಸುವ ಇಂಥ ಕಲೆಯನ್ನು ಪ್ರತಿಷ್ಠಾಪನಾ ಕಲೆ ಎನ್ನುತ್ತಾರೆ. ಚೌಕಟ್ಟಿನೊಳಗಿನ ಚಿತ್ರದ ಮುಂದೆ ನಾವು ನಿಲ್ಲುತ್ತೇವೆ. ಇಲ್ಲಿ ಒಳಗೆ ಹೋಗುತ್ತೇವೆ, ಸುತ್ತುತ್ತೇವೆ, ಕೆಲವೊಮ್ಮೆ ಮುಟ್ಟುತ್ತೇವೆ, ಮಾತಾಡುತ್ತೇವೆ. ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡಲು ಈ ಮಾಧ್ಯಮ ಒದಗಿ ಬಂದದ್ದಕ್ಕೆ ಕಾರಣವಿದೆ. ಆ ತಂತ್ರಜ್ಞಾನ ನಮಗೆ ಸಿಗುವುದು ಮೊಬೈಲಿನ ಪುಟ್ಟ ಪರದೆಯಲ್ಲಿ, ಒಂದು ಉತ್ತರವಾಗಿ, ಒಂದು ಧ್ವನಿಯಾಗಿ. ಅದರ ಹಿಂದಿನ ಚಿತ್ರಗಳು, ಕೈಗಳು, ಗಣಿಗಳು, ವಿದ್ಯುತ್ತು ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಮೈಯೇ ಇಲ್ಲದಂತೆ ತೋರುವ ಸಂಗತಿಗೆ ಮೈ ಕೊಟ್ಟು, ಅದರ ಸುತ್ತ ನಾಗರಿಕರು ನಡೆದಾಡುವಂತೆ ಮಾಡುವುದು ಈ ಕಲಾವಿದರ ಕೆಲಸ.

ಇದು ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. 1968ರಲ್ಲಿ ಲಂಡನ್ನಿನ ಸಮಕಾಲೀನ ಕಲಾಸಂಸ್ಥೆಯಲ್ಲಿ ಜಾಸಿಯಾ ರೈಖಾರ್ಟ್ ‘ಸೈಬರ್ನೆಟಿಕ್ ಸೆರೆಂಡಿಪಿಟಿ’ ಎಂಬ ಪ್ರದರ್ಶನ ಏರ್ಪಡಿಸಿದ್ದರು. ಅಲ್ಲಿ ಎಡ್ವರ್ಡ್ ಇಹ್ನಾಟೋವಿಚ್ ಮಾಡಿದ ‘ಸ್ಯಾಮ್’ ಎಂಬ ಶಿಲ್ಪವಿತ್ತು. ಬೆನ್ನುಮೂಳೆಯ ಮೇಲೆ ಹೂವಿನಾಕಾರದ ತಲೆ. ಸಣ್ಣ ದನಿ ಕೇಳಿದತ್ತ ಅದು ಬಾಗುತ್ತಿತ್ತು. ಎರಡು ವರ್ಷಗಳ ನಂತರ ಅವರೇ ಫಿಲಿಪ್ಸ್ ಕಂಪನಿಗಾಗಿ ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ ‘ಸೆನ್‌ಸ್ಟರ್’ ಎಂಬ ದೊಡ್ಡ ಯಂತ್ರಜೀವಿಯನ್ನು ನಿಲ್ಲಿಸಿದರು. ಮೆಲುದನಿಗೆ ಅದು ತಲೆ ತಗ್ಗಿಸಿ ಹತ್ತಿರ ಬರುತ್ತಿತ್ತು, ಗದ್ದಲ ಮಾಡಿದರೆ ಹಿಂದೆ ಸರಿಯುತ್ತಿತ್ತು. ಒಳಗಿದ್ದ ಕಂಪ್ಯೂಟರ್ ಲೆಕ್ಕಾಚಾರ ತೀರ ಸರಳ. ಆದರೂ ಮಕ್ಕಳು, ದೊಡ್ಡವರು ಅದನ್ನು ಜೀವವಿರುವ ಪ್ರಾಣಿಯೆಂಬಂತೆ ಮಾತಾಡಿಸಿದರು. ಯಂತ್ರ ಸ್ವಲ್ಪ ಸ್ಪಂದಿಸಿದರೆ ಸಾಕು, ಉಳಿದ ಜೀವವನ್ನು ಮನುಷ್ಯರೇ ತುಂಬುತ್ತಾರೆ ಎಂಬುದು ಅರ್ಧ ಶತಮಾನದ ಹಿಂದೆಯೇ ಒಂದು ಕಲಾಕೃತಿಯಲ್ಲಿ ಸಾಬೀತಾಗಿತ್ತು. ಇಂದು ಚಾಟ್‌ಬಾಟ್ ಜೊತೆ ಮನಸ್ಸು ಬಿಚ್ಚಿಕೊಳ್ಳುವವರ ಸುದ್ದಿ ಓದುವಾಗ ಸೆನ್‌ಸ್ಟರ್ ಮುಂದೆ ನಿಂತಿದ್ದ ಆ ಜನ ನೆನಪಾಗುತ್ತಾರೆ.

ಈಗಿನ ಕಲಾವಿದರು ಎತ್ತಿಕೊಂಡಿರುವ ಮೊದಲ ಪ್ರಶ್ನೆ ಲೆಕ್ಕಕ್ಕೆ ಸಿಗದವರದು. 2018ರಲ್ಲಿ ಸಂಶೋಧಕಿಯರಾದ ಜಾಯ್ ಬುಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಪ್ರಕಟಿಸಿದ ಅಧ್ಯಯನವೊಂದು ಮುಖ ನೋಡಿ ಗಂಡು ಹೆಣ್ಣೆಂದು ಹೇಳುವ ವಾಣಿಜ್ಯ ವ್ಯವಸ್ಥೆಗಳನ್ನು ಪರೀಕ್ಷಿಸಿತು. ಬಿಳಿಯ ಗಂಡಸರ ವಿಷಯದಲ್ಲಿ ತಪ್ಪಿನ ಪ್ರಮಾಣ ಶೇಕಡಾ 1ಕ್ಕಿಂತ ಕಡಿಮೆ. ಕಪ್ಪು ವರ್ಣದ ಹೆಂಗಸರ ವಿಷಯದಲ್ಲಿ ಅದು ಶೇಕಡಾ 34.7ರವರೆಗೆ ಏರಿತ್ತು. ಯಂತ್ರ ಕಲಿತ ಚಿತ್ರಗಳಲ್ಲಿ ಯಾರು ಕಡಿಮೆ ಇದ್ದರೋ ಅವರ ವಿಷಯದಲ್ಲೇ ಅದು ಎಡವಿತು.

ಚಿತ್ರವೇ ಇಲ್ಲದವರ ಕತೆಯನ್ನು ತೋರಿಸುವುದು ಹೇಗೆ? ನೈಜೀರಿಯಾ ಮೂಲದ ಅಮೆರಿಕನ್ ಕಲಾವಿದೆ ಮಿಮಿ ಒನುವೋಹಾ ಇದಕ್ಕೆ ಕಂಡುಕೊಂಡ ಉತ್ತರ ಬಹಳ ಸರಳ, ಅಷ್ಟೇ ಗಟ್ಟಿ. ಅವರ 2016ರ ಕೃತಿ ‘ಕಾಣೆಯಾದ ದತ್ತಾಂಶಗಳ ಗ್ರಂಥಾಲಯ’ದಲ್ಲಿ ಇರುವುದು ಸರ್ಕಾರಿ ಕಚೇರಿಗಳಲ್ಲಿ ಕಾಣುವಂಥ ಒಂದು ಬಿಳಿ ಫೈಲ್ ಬೀರು. ನೋಡುಗರು ಅದರ ಅರೆ ಎಳೆದು ಫೈಲುಗಳನ್ನು ತೆರೆಯಬಹುದು. ಪ್ರತಿ ಫೈಲಿನ ಮೇಲೂ ಒಂದೊಂದು ವಿಷಯ ಬರೆದಿದೆ: ಹಿಂದೆ ಶಿಕ್ಷೆಯಾಗಿದ್ದ ಕಾರಣಕ್ಕೆ ಸರ್ಕಾರಿ ವಸತಿ ಸಿಗದೆ ಹೋದವರು, ಜೈಲಿನಲ್ಲಿರುವವರನ್ನೂ ಸೇರಿಸಿದ ಬಡತನ ಮತ್ತು ಉದ್ಯೋಗದ ಅಂಕಿಅಂಶ, ಹೀಗೆ. ತೆರೆದರೆ ಒಳಗೆ ಒಂದು ಹಾಳೆಯೂ ಇಲ್ಲ. ಆ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಎಲ್ಲವನ್ನೂ ಲೆಕ್ಕ ಹಾಕಿಬಿಡಿ ಎಂದು ಒನುವೋಹಾ ಹೇಳುತ್ತಿಲ್ಲ. ಲೆಕ್ಕಕ್ಕೆ ಸಿಗದಿರುವುದೇ ಕೆಲವು ಸಮುದಾಯಗಳಿಗೆ ರಕ್ಷಣೆ ಎನ್ನುವುದನ್ನೂ ಅವರು ಬಲ್ಲರು. ಅವರು ಕೇಳುವುದು ಇಷ್ಟು: ಮಾಹಿತಿ ಸಂಗ್ರಹಿಸುವ ಶಕ್ತಿ ಉಳ್ಳವರು ಯಾವುದನ್ನು ಸಂಗ್ರಹಿಸಲು ಮನಸ್ಸು ಮಾಡಲಿಲ್ಲ, ಏಕೆ? ಫೈಲು ತೆರೆದವರ ಕೈಗೆ ಸಿಗುವ ಆ ಖಾಲಿತನ ಯಾವ ವರದಿಯ ಅಂಕಿಯಿಂದಲೂ ಬರುವಂಥದ್ದಲ್ಲ.

ಎರಡನೆಯ ಪ್ರಶ್ನೆ ದುಡಿಮೆಯದು. ಬ್ರಿಟನ್ನಿನ ಕಲಾವಿದೆ ಆ್ಯನಾ ರಿಡ್ಲರ್ 2018ರಲ್ಲಿ ನೆದರ್ಲೆಂಡ್ಸಿನಲ್ಲಿ ಟುಲಿಪ್ ಹೂವಿನ ಹಂಗಾಮಿನುದ್ದಕ್ಕೂ 10,000 ಟುಲಿಪ್‌ಗಳ ಫೋಟೋ ತೆಗೆದರು. ಪ್ರತಿ ಫೋಟೋದ ಕೆಳಗೂ ಬಣ್ಣ ಯಾವುದು, ಪಟ್ಟೆಯಿದೆಯೇ, ಮೊಗ್ಗೋ ಅರಳಿದ್ದೋ ಎಂದು ಸ್ವಂತ ಕೈಬರಹದಲ್ಲಿ ಬರೆದರು. ಅದೆಲ್ಲವನ್ನೂ ಒಂದು ಭಾರಿ ಗೋಡೆಯ ಮೇಲೆ ಸಾಲಾಗಿ ಜೋಡಿಸಿದ್ದೇ ‘ಮಿರಿಯಡ್’ ಎಂಬ ಕೃತಿ. ಹತ್ತು ಸಾವಿರ ಎಂಬುದು ಕಾಗದದ ಮೇಲೆ ಚಿಕ್ಕ ಸಂಖ್ಯೆ. ಗೋಡೆಯ ಮುಂದೆ ನಿಂತಾಗ ಅದರ ಅಗಾಧತೆ ಗೊತ್ತಾಗುತ್ತದೆ. ಇಮೇಜ್‌ನೆಟ್‌ಗೆ ಹೋಲಿಸಿದರೆ ಅದು ಸಾವಿರದ ಒಂದು ಪಾಲೂ ಅಲ್ಲ ಎಂದು ತಿಳಿದಾಗ, ಹೆಸರು ಗೊತ್ತಿಲ್ಲದ ಆ 50,000 ಮಂದಿಯ ಕಣ್ಣು, ಬೆರಳುಗಳು ಎಷ್ಟು ದಣಿದಿರಬೇಕು ಎಂಬ ಅಂದಾಜು ಸಿಗುತ್ತದೆ. ಕೆಲವು ಗುರುತುಗಳನ್ನು ಹಾಕುವಾಗ ರಿಡ್ಲರ್ ಅವರೇ ತಡವರಿಸಿದ್ದಾರೆ: ಈ ಹೂವು ಕೇಸರಿಯೋ, ಹಳದಿಯೋ? ಹೂವಿನ ಬಣ್ಣದಲ್ಲೇ ಇಷ್ಟು ಗೊಂದಲವಿರುವಾಗ ಮನುಷ್ಯನ ಗುಣಕ್ಕೆ ಚೀಟಿ ಅಂಟಿಸಿದವರು ಯಾವ ಧೈರ್ಯದಿಂದ ಅಂಟಿಸಿದರು?

ಅದೇ ಹೂವುಗಳಿಂದ ಅವರು ಮುಂದೆ ‘ಮೊಸಾಯಿಕ್ ವೈರಸ್’ ಎಂಬ ವಿಡಿಯೊ ಕೃತಿಯನ್ನು ಮಾಡಿದರು. ಪರದೆಯ ಮೇಲೆ ಯಂತ್ರ ಕಲ್ಪಿಸಿದ ಟುಲಿಪ್‌ಗಳು ಅರಳುತ್ತವೆ. ದಳಗಳ ಮೇಲಿನ ಪಟ್ಟೆಗಳನ್ನು ಬಿಟ್‌ಕಾಯಿನ್ ಬೆಲೆಯ ಏರಿಳಿತ ನಿರ್ಧರಿಸುತ್ತದೆ. 17ನೆಯ ಶತಮಾನದ ಹಾಲೆಂಡಿನಲ್ಲಿ ವೈರಸ್ ತಗುಲಿ ಪಟ್ಟೆ ಮೂಡಿದ ಟುಲಿಪ್ ಗೆಡ್ಡೆಗಳಿಗಾಗಿ ಜನ ಹುಚ್ಚೆದ್ದು ಹಣ ಸುರಿದರು. 1637ರಲ್ಲಿ ಆ ಮಾರುಕಟ್ಟೆ ಕುಸಿಯಿತು. ಹೊಸ ತಂತ್ರಜ್ಞಾನದ ಸುತ್ತಲಿನ ಹಣದಾಸೆಯನ್ನು ಆ ಹಳೆಯ ಇತಿಹಾಸದ ಪಕ್ಕದಲ್ಲಿಟ್ಟು ನೋಡುವ ಕೃತಿ ಇದು.

ದುಡಿಮೆಯ ಹಿಂದೆ ಮಣ್ಣೂ ಇದೆ. 2018ರಲ್ಲಿ ಕೇಟ್ ಕ್ರಾಫರ್ಡ್ ಮತ್ತು ಸರ್ಬಿಯಾದ ವ್ಲಾದಾನ್ ಯೋಲರ್ ಒಂದೇ ಒಂದು ವಸ್ತುವನ್ನು ಆರಿಸಿಕೊಂಡರು. ದೀಪ ಹಾಕು ಎಂದರೆ ದೀಪ ಹಾಕುವ, ಹಾಡು ಎಂದರೆ ಹಾಡುವ ಅಮೆಜಾನ್ ಎಕೋ ಸ್ಪೀಕರ್. ಅದು ಹುಟ್ಟುವಲ್ಲಿಂದ ಕಸವಾಗುವಲ್ಲಿಯವರೆಗಿನ ಜಾತಕವನ್ನು ಅವರು ಒಂದು ಬೃಹತ್ ನಕ್ಷೆಯಾಗಿ ಬರೆದರು. ಬೊಲಿವಿಯಾದ ಉಪ್ಪಿನ ಬಯಲಿನಲ್ಲಿರುವ ಲಿಥಿಯಂ, ಗಣಿಯ ಕಾರ್ಮಿಕ, ಅದಿರು ಕರಗಿಸುವ ಕುಲುಮೆ, ಬಿಡಿಭಾಗ ಜೋಡಿಸುವ ಕಾರ್ಖಾನೆ, ಹಡಗು, ಗೋದಾಮು, ದತ್ತಾಂಶ ಕೇಂದ್ರ, ಚೀಟಿ ಅಂಟಿಸುವ ಕೂಲಿಯಾಳು, ಕೊನೆಗೆ ಇ-ತ್ಯಾಜ್ಯದ ರಾಶಿ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯವೂ ಈ ನಕ್ಷೆಯನ್ನು ತಮ್ಮ ಸಂಗ್ರಹಕ್ಕೆ ಸೇರಿಸಿಕೊಂಡವು. ಇಬ್ಬರೂ ಅಲ್ಲಿಗೇ ನಿಲ್ಲಲಿಲ್ಲ. 1500ನೇ ಇಸವಿಯಿಂದ ಇಂದಿನವರೆಗೆ ತಂತ್ರಜ್ಞಾನ ಮತ್ತು ಅಧಿಕಾರ ಹೇಗೆ ಹೆಣೆದುಕೊಂಡವೆಂದು ತೋರಿಸುವ 24 ಮೀಟರ್ ಉದ್ದದ ‘ಕ್ಯಾಲ್ಕ್ಯುಲೇಟಿಂಗ್ ಎಂಪೈರ್ಸ್’ ಭಿತ್ತಿನಕ್ಷೆಯನ್ನು 2023ರಲ್ಲಿ ಮಿಲಾನ್‌ನಲ್ಲಿ ತೆರೆದಿಟ್ಟರು. 2025ರ ವೆನಿಸ್ ವಾಸ್ತುಶಿಲ್ಪ ದ್ವೈವಾರ್ಷಿಕದಲ್ಲಿ ಅದಕ್ಕೆ ಬೆಳ್ಳಿಯ ಸಿಂಹ ಪ್ರಶಸ್ತಿ ಬಂತು.

ಈ ನಕ್ಷೆಗಳ ಒಂದೊಂದು ಗೆರೆಯ ಹಿಂದೂ ತೂಕವಿದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ಬಳಸಿದ ವಿದ್ಯುತ್ತು ಸುಮಾರು 415 ಟೆರಾವ್ಯಾಟ್ ಗಂಟೆ, ಅಂದರೆ ಜಗತ್ತಿನ ಒಟ್ಟು ಬಳಕೆಯ ಶೇಕಡಾ 1.5ರಷ್ಟು. 2030ರ ಹೊತ್ತಿಗೆ ಇದು ಇಮ್ಮಡಿಗೂ ಮೀರಬಹುದೆಂದು ಅದರ ಅಂದಾಜು. ಮನೆಯ ಮೂಲೆಯಲ್ಲಿ ಕೂತ ಪುಟ್ಟ ಡಬ್ಬಿಯ ಒಂದು ಉತ್ತರಕ್ಕೆ ಎಷ್ಟು ದೂರದಲ್ಲಿ ಏನೇನು ಉರಿಯುತ್ತದೆ ಎಂಬುದನ್ನು ನಕ್ಷೆಯ ಮುಂದೆ ನಿಂತವರು ಬೆರಳಿಟ್ಟು ಹುಡುಕುತ್ತ ಹೋಗುತ್ತಾರೆ.

ಅದೇ ಮಾತಾಡುವ ಡಬ್ಬಿಯ ಜಾಗದಲ್ಲಿ ಮನುಷ್ಯರನ್ನೇ ಕೂರಿಸಿದರೆ? ಅಮೆರಿಕದ ಲಾರೆನ್ ಲೀ ಮೆಕಾರ್ಥಿ 2017ರಲ್ಲಿ ಮಾಡಿದ್ದು ಇದನ್ನೇ. ಒಪ್ಪಿದವರ ಮನೆಗಳಲ್ಲಿ ಕ್ಯಾಮೆರಾ, ಮೈಕು, ಸ್ವಿಚ್ಚು, ಬಾಗಿಲ ಬೀಗಗಳನ್ನು ಜೋಡಿಸಿ, ದೂರದಿಂದ ಹಗಲೂ ರಾತ್ರಿ ಅವರನ್ನು ಗಮನಿಸುತ್ತ, ಕೇಳಿದ್ದನ್ನು ತಾವೇ ಮಾಡಿಕೊಟ್ಟರು. 2019ರ ‘ಸಮ್‌ವನ್’ ಕೃತಿಯಲ್ಲಿ ಈ ಕೆಲಸವನ್ನು ನೋಡುಗರಿಗೇ ಬಿಟ್ಟರು. ನ್ಯೂಯಾರ್ಕಿನ ಗ್ಯಾಲರಿಯಲ್ಲಿ ಲ್ಯಾಪ್‌ಟಾಪುಗಳನ್ನಿಟ್ಟು, ನಾಲ್ಕು ನಿಜವಾದ ಮನೆಗಳೊಂದಿಗೆ ಅವನ್ನು ಬೆಸೆದರು. ಬಂದವರು ಕುರ್ಚಿಯಲ್ಲಿ ಕೂತು ಪರದೆಯಲ್ಲಿ ಆ ಮನೆಯೊಳಗನ್ನು ನೋಡಬಹುದು; ಮನೆಯವರು ಕರೆದರೆ ದೀಪ ಹಾಕಬಹುದು, ಹಾಡು ಹಚ್ಚಬಹುದು, ಮಾತಾಡಬಹುದು. ಮನೆಯಲ್ಲಿ ಸ್ಮಾರ್ಟ್ ಸ್ಪೀಕರ್ ಇಟ್ಟುಕೊಂಡವರಿಗೂ ಇಲ್ಲಿ ಮುಜುಗರವಾಗುತ್ತದೆ. ಇನ್ನೊಬ್ಬರ ಖಾಸಗಿ ಬದುಕಿನ ಕೀಲಿ ತನ್ನ ಬೆರಳ ತುದಿಯಲ್ಲಿದೆ ಎಂದು ಅರಿವಾದಾಗ, ತನ್ನ ಮನೆಯ ಕೀಲಿ ಯಾರ ಬೆರಳ ತುದಿಯಲ್ಲಿದೆ ಎಂಬ ಯೋಚನೆ ತಾನಾಗಿ ಬರುತ್ತದೆ.

ಯಂತ್ರದ ಮುಂದೆ ಮನುಷ್ಯರ ಕನಿಕರವೂ ಒಂದು ವಿಚಿತ್ರ ದಾರಿ ಹಿಡಿಯುತ್ತದೆ. ಚೀನಾದ ಸುನ್ ಯುವಾನ್ ಮತ್ತು ಪೆಂಗ್ ಯು ದಂಪತಿ ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯಕ್ಕಾಗಿ 2016ರಲ್ಲಿ ‘ಕಾಂಟ್ ಹೆಲ್ಪ್ ಮೈಸೆಲ್ಫ್’ ಎಂಬ ಕೃತಿ ಮಾಡಿದರು. ಪಾರದರ್ಶಕ ಗೋಡೆಗಳ ನಡುವೆ ಕಾರ್ಖಾನೆಯ ದೊಡ್ಡ ರೋಬೋಟ್ ತೋಳೊಂದು, ನೆಲದ ಮೇಲೆ ಹರಡುವ ರಕ್ತವರ್ಣದ ದ್ರವವನ್ನು ಮತ್ತೆ ಮತ್ತೆ ತನ್ನತ್ತ ಬಳಿದುಕೊಳ್ಳುತ್ತದೆ. ದ್ರವ ಗೆರೆ ದಾಟಿತೋ ಎಂದು ಅದರ ಸಂವೇದಕಗಳು ಸದಾ ಕಾಯುತ್ತಿರುತ್ತವೆ. ಬಿಡುವು ಸಿಕ್ಕಾಗ ತುರಿಸಿಕೊಂಡಂತೆ, ನಮಸ್ಕರಿಸಿದಂತೆ ಆಡುತ್ತದೆ. 2019ರಲ್ಲಿ ವೆನಿಸ್‌ನಲ್ಲೂ ಇದು ಪ್ರದರ್ಶನಗೊಂಡಿತು. ಅದರ ವಿಡಿಯೊ ನೋಡಿದ ಅಸಂಖ್ಯ ಜನ ಆ ತೋಳಿಗಾಗಿ ಮರುಗಿದರು. ಅದೇ ಜನರಲ್ಲಿ ಎಷ್ಟು ಮಂದಿಗೆ, ಕಂಪ್ಯೂಟರಿಗೆ ಹಿಂಸೆಯ ಚಿತ್ರಗಳನ್ನು ಗುರುತಿಸಲು ಕಲಿಸುವುದಕ್ಕಾಗಿ ದಿನವಿಡೀ ಅವನ್ನೇ ನೋಡುತ್ತ ಕೂರುವ ಕೆಲಸಗಾರರ ನೆನಪು ಬಂದೀತು? ಈ ಪ್ರಶ್ನೆಯನ್ನು ಕೃತಿ ಬಾಯಿಬಿಟ್ಟು ಕೇಳುವುದಿಲ್ಲ. ನೋಡಿದವರು ಕೇಳಿಕೊಳ್ಳಬೇಕಾಗುತ್ತದೆ.

ಟೀಕೆ ಮಾಡುವುದಷ್ಟೇ ಈ ಕಲಾವಿದರ ಕೆಲಸವಲ್ಲ, ಬೇರೆ ರೀತಿಯಲ್ಲಿ ಕಟ್ಟಿಯೂ ತೋರಿಸುತ್ತಾರೆ. ನ್ಯೂಯಾರ್ಕಿನ ಸ್ಟೆಫನಿ ಡಿಂಕಿನ್ಸ್ 2018ರಿಂದ ‘ನಾಟ್ ದಿ ಓನ್ಲಿ ವನ್’ ಎಂಬ ಮಾತಾಡುವ ಶಿಲ್ಪವನ್ನು ಬೆಳೆಸುತ್ತಿದ್ದಾರೆ. ಲೋಕದ ಅಂತರ್ಜಾಲವನ್ನೆಲ್ಲ ಅದಕ್ಕೆ ಉಣಿಸುವ ಬದಲು, ತಮ್ಮ ಕಪ್ಪು ಕುಟುಂಬದ ಮೂರು ತಲೆಮಾರಿನ ಹೆಂಗಸರು ಹೇಳಿದ ನೆನಪುಗಳನ್ನು ಧ್ವನಿಮುದ್ರಿಸಿ ಅದಕ್ಕೆ ಕಲಿಸಿದರು. ದತ್ತಾಂಶ ಸಣ್ಣದು. ಹಾಗಾಗಿ ಶಿಲ್ಪ ಕೆಲವೊಮ್ಮೆ ತಡಬಡಾಯಿಸುತ್ತದೆ, ಸಂಬಂಧವಿಲ್ಲದ್ದನ್ನು ಹೇಳುತ್ತದೆ. ಡಿಂಕಿನ್ಸ್‌ಗೆ ಅದು ಕೊರತೆಯಾಗಿ ಕಾಣಲಿಲ್ಲ. ತಮ್ಮವರನ್ನು ತಪ್ಪಾಗಿ ಬಣ್ಣಿಸುವ ದೊಡ್ಡ ಭಂಡಾರಕ್ಕಿಂತ ತಮ್ಮವರೇ ಹೇಳಿದ ಚಿಕ್ಕ ಕತೆ ಮೇಲು ಎಂದು ಅವರು ಆರಿಸಿಕೊಂಡರು. ಅಜ್ಜಿಯರ ಬಾಯಿಂದ ಮೊಮ್ಮಕ್ಕಳ ಕಿವಿಗೆ ಚರಿತ್ರೆ ದಾಟಿಸಿದ ಸಮುದಾಯಗಳು ನಮ್ಮಲ್ಲೂ ಬೇಕಾದಷ್ಟಿವೆ. ಈ ಆಯ್ಕೆಯ ಬೆಲೆ ನಮಗೆ ಬೇಗ ಅರ್ಥವಾಗುತ್ತದೆ.

ಇದಕ್ಕೆ ತೀರ ಎದುರಾಗಿ ನಿಲ್ಲುವುದು ಬೆರಗಿನ ಕಲೆ. ಇಸ್ತಾಂಬುಲ್‌ನಲ್ಲಿ ಹುಟ್ಟಿ ಲಾಸ್ ಏಂಜಲೀಸ್‌ನಲ್ಲಿ ನೆಲೆಸಿರುವ ರೆಫಿಕ್ ಅನಾದೋಲ್ 2022ರ ನವೆಂಬರಿನಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಪಡಸಾಲೆಯಲ್ಲಿ ‘ಅನ್‌ಸೂಪರ್‌ವೈಸ್ಡ್’ ಎಂಬ ಕೃತಿ ತೆರೆದರು. 24 ಅಡಿ ಎತ್ತರ, ಅಷ್ಟೇ ಅಗಲದ ಪರದೆ. ಆ ಸಂಗ್ರಹಾಲಯದ ಸುಮಾರು 1,38,000 ಕೃತಿಗಳ ಮಾಹಿತಿ ಕಲಿತ ಯಂತ್ರ ಅಲ್ಲಿ ಬಣ್ಣದ ಅಲೆಗಳನ್ನು ನಿಲ್ಲದೆ ಉಕ್ಕಿಸುತ್ತಿತ್ತು. ಹೊರಗಿನ ಹವಾಮಾನ, ಒಳಗಿನ ಬೆಳಕು, ಜನರ ಓಡಾಟ ಮತ್ತು ಸದ್ದಿಗೆ ತಕ್ಕಂತೆ ಅಲೆಗಳು ಬದಲಾಗುತ್ತಿದ್ದವು. ಜನ ಬಹಳ ಹೊತ್ತು ಕೂತು ನೋಡಿದರು. ಸಂಗ್ರಹಾಲಯ ಅದನ್ನು ತನ್ನದಾಗಿಸಿಕೊಂಡಿತು. ಕೆಲವು ವಿಮರ್ಶಕರು ಮಾತ್ರ ಇದನ್ನು ಬರೀ ಅಲಂಕಾರವೆಂದು ತಳ್ಳಿಹಾಕಿದರು. ಈ ಜಗಳದಲ್ಲಿ ಎರಡೂ ಕಡೆ ಸತ್ಯವಿದೆ. ಬೆರಗು ಬೇಡವೆನ್ನುವವರು ಕಲೆಯ ಬಹುದೊಡ್ಡ ಶಕ್ತಿಯನ್ನೇ ಬಿಟ್ಟುಕೊಡುತ್ತಾರೆ. ಆದರೆ ಯಂತ್ರ ಏನನ್ನು ನುಂಗಿತು, ಎಷ್ಟು ಉರಿಸಿತು, ಯಾರನ್ನು ಕೇಳಿತು ಎಂಬುದನ್ನು ಮರೆಸುವ ಬೆರಗು ಜಾಹೀರಾತಿಗೆ ಹತ್ತಿರವಾಗಿಬಿಡುತ್ತದೆ.

ಭಾರತದಲ್ಲಿ ಈ ಚರ್ಚೆ ಶುರುವಾದುದರಲ್ಲಿ ಬೆಂಗಳೂರಿನ ಪಾಲಿದೆ. 2018ರ ಆಗಸ್ಟಿನಲ್ಲಿ ದೆಹಲಿಯ ನೇಚರ್ ಮೋರ್ಟ್ ಗ್ಯಾಲರಿಯಲ್ಲಿ ‘ಗ್ರೇಡಿಯೆಂಟ್ ಡಿಸೆಂಟ್’ ಎಂಬ ಪ್ರದರ್ಶನ ನಡೆಯಿತು. ಕೃತಕ ಬುದ್ಧಿಮತ್ತೆಯಿಂದ ರೂಪುಗೊಂಡ ಕೃತಿಗಳಿಗೇ ಮೀಸಲಾದ, ದೇಶದ ಮೊದಮೊದಲ ಗ್ಯಾಲರಿ ಪ್ರದರ್ಶನಗಳಲ್ಲಿ ಅದೊಂದು. ಅದನ್ನು ಸಂಯೋಜಿಸಿದ ‘64/1’ ಬಳಗವನ್ನು ಕಟ್ಟಿದವರು ಬೆಂಗಳೂರಿನ ಕಲಾವಿದ ರಾಘವ ಕೆ.ಕೆ. ಮತ್ತು ಕಾರ್ತಿಕ್ ಕಲ್ಯಾಣರಾಮನ್. ಆ್ಯನಾ ರಿಡ್ಲರ್ ಕೃತಿಗಳೂ ಅಲ್ಲಿದ್ದವು. ಭಾರತದಿಂದ ಭಾಗವಹಿಸಿದ ಹರ್ಷಿತ್ ಅಗ್ರವಾಲ್, ರೆಂಬ್ರಾಂಟನ ಹೆಸರಾಂತ ಅಂಗಛೇದನದ ಚಿತ್ರವನ್ನು ನೆನಪಿಸುವ ‘ಡಾಕ್ಟರ್ ಆಲ್ಗಾರಿದಂ’ ಸರಣಿಯನ್ನು ತೋರಿಸಿದರು. ಮುಂದೆ ಅವರು ಮಾಡಿದ ‘ಮಾಸ್ಕ್ಡ್ ರಿಯಾಲಿಟಿ’ಯಲ್ಲಿ ನೋಡುಗರ ಮುಖ ಅವರ ಕಣ್ಣೆದುರೇ ಕಥಕಳಿಯ ಮತ್ತು ತೆಯ್ಯಂನ ವೇಷಗಳಾಗಿ ಮಾರ್ಪಡುತ್ತದೆ. ಕಥಕಳಿ ದರಬಾರಿ ಪರಂಪರೆ, ತೆಯ್ಯಂ ಕೆಳಜಾತಿಗಳವರು ದೈವವಾಗಿ ನಿಲ್ಲುವ ಆಚರಣೆ. ಎರಡೂ ಒಂದೇ ಮುಖದ ಮೇಲೆ ಅಕ್ಕಪಕ್ಕ ಮೂಡುವಾಗ ಜಾತಿಯ ಪ್ರಶ್ನೆಯೂ ಯಂತ್ರದ ಮುಂದೆ ಬಂದು ನಿಲ್ಲುತ್ತದೆ. ಭೂತಾರಾಧನೆಯ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕರ್ನಾಟಕಕ್ಕೆ ಇನ್ನೂ ಆಳವಾದ ನಂಟಿದೆ, ಅದು ಗ್ಯಾಲರಿಯ ಹೊರಗಿನದು. ಬೆಂಗಳೂರು ಮೂಲದ ‘ಕಾರ್ಯ’ ಎಂಬ ಲಾಭರಹಿತ ಸಂಸ್ಥೆ ನಮ್ಮ ಹಳ್ಳಿಗಳವರಿಂದ ಮೊಬೈಲಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ, ಆ ಧ್ವನಿಯನ್ನು ಕೃತಕ ಬುದ್ಧಿಮತ್ತೆಯ ತರಬೇತಿಗೆ ಒದಗಿಸಿದೆ. 2023ರಲ್ಲಿ ‘ಟೈಮ್’ ಪತ್ರಿಕೆ ಈ ಬಗ್ಗೆ ಬರೆದಾಗ ಸಂಸ್ಥೆ ಕೊಡುತ್ತಿದ್ದ ಸಂಭಾವನೆ ಗಂಟೆಗೆ ಸುಮಾರು 5 ಡಾಲರ್. ಅದೇ ಧ್ವನಿ ಮತ್ತೆ ಮಾರಾಟವಾದರೆ ಅದರಲ್ಲೂ ಓದಿದವರಿಗೆ ಪಾಲು ಕೊಡುವುದು ಅದರ ನೀತಿ. ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನಿಂದ ನಡೆಸುತ್ತಿರುವ ‘ವಾಣಿ’ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರಿಗೆ ಚಿತ್ರ ತೋರಿಸಿ, ಕಂಡದ್ದನ್ನು ತಮ್ಮ ಆಡುಮಾತಿನಲ್ಲೇ ಹೇಳಿಸಿ ಮುದ್ರಿಸಿಕೊಳ್ಳಲಾಗುತ್ತಿದೆ. ಇಮೇಜ್‌ನೆಟ್ ಕಾಲದಲ್ಲಿ ಚಿತ್ರಕ್ಕೆ ಹೆಸರಿಟ್ಟವರ ಹೆಸರು ಯಾರಿಗೂ ಬೇಕಿರಲಿಲ್ಲ. ಈಗ ಚಿತ್ರ ನೋಡಿ ಬಾಯಿಬಿಡುತ್ತಿರುವವರು ನಮ್ಮ ರಾಯಚೂರಿನವರು, ಚಾಮರಾಜನಗರದವರು.

ಹಾಗೆ ಕೊಟ್ಟ ಧ್ವನಿಯ ಮೇಲೆ ಕೊಟ್ಟವರಿಗೆ ಯಾವ ಹಕ್ಕು? ಇದಕ್ಕೆ ಉತ್ತರ ಹುಡುಕಿದ ಕೃತಿಯೊಂದು 2024ರ ಅಕ್ಟೋಬರಿನಲ್ಲಿ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿಯಲ್ಲಿ ತೆರೆಯಿತು. ಹಾಲಿ ಹರ್ನ್‌ಡನ್ ಮತ್ತು ಮ್ಯಾಟ್ ಡ್ರೈಹರ್ಸ್ಟ್ ಎಂಬ ಕಲಾವಿದ ದಂಪತಿಯ ‘ದಿ ಕಾಲ್’ ಅದು. ಅವರು ತಾವೇ ಹಾಡುಗಳನ್ನು ರಚಿಸಿ, ಬ್ರಿಟನ್ನಿನ ಊರೂರಿಗೆ ಹೋಗಿ 15 ಸಮುದಾಯ ಗಾಯನ ವೃಂದಗಳಿಂದ ಹಾಡಿಸಿದರು. ಆ ಧ್ವನಿಮುದ್ರಣದಿಂದ ಕಲಿತ ಯಂತ್ರ, ಗ್ಯಾಲರಿಗೆ ಬಂದವರು ಮೈಕಿನ ಮುಂದೆ ಒಂದು ಸ್ವರ ಹಿಡಿದರೆ ಇಡೀ ವೃಂದವಾಗಿ ಮರುದನಿ ಕೊಡುತ್ತಿತ್ತು. ಕೇಳಲು ಸೊಗಸು. ಅದಕ್ಕಿಂತ ಮುಖ್ಯವಾದದ್ದು ಅದರ ಹಿಂದಿನ ಕರಾರು. ಮುದ್ರಿಸಿದ ಧ್ವನಿಯನ್ನು ಒಂದು ಟ್ರಸ್ಟ್ ಮಾದರಿಯ ವ್ಯವಸ್ಥೆಯಲ್ಲಿಟ್ಟು, ಯಾರು ಯಾವುದಕ್ಕೆ ಬಳಸಬಹುದೆಂದು ತೀರ್ಮಾನಿಸುವಲ್ಲಿ ಹಾಡಿದವರ ಪರವಾಗಿ ಮಾತಾಡಲು ಒಬ್ಬರನ್ನು ನೇಮಿಸಲಾಯಿತು. ಕರಾರುಪತ್ರವೂ ಇಲ್ಲಿ ಕಲಾಕೃತಿಯ ಭಾಗ.

ಇಂಥ ಕೆಲಸ ಕನ್ನಡದಲ್ಲಿ ಆಗಬೇಕಾದ ಕಾಲ ಇದು. ಕಲೆ ಮತ್ತು ವಿಜ್ಞಾನವನ್ನು ಒಂದೇ ಸೂರಿನಡಿ ತರುವ ಸೈನ್ಸ್ ಗ್ಯಾಲರಿ 2024ರ ಜನವರಿಯಿಂದ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ತನ್ನ ಸ್ವಂತ ಕಟ್ಟಡದಲ್ಲಿದೆ. ಕಸ್ತೂರಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯವಿದೆ. ಜಾಗಕ್ಕೆ ಕೊರತೆಯಿಲ್ಲ, ತಂತ್ರಜ್ಞರಿಗಂತೂ ಇಲ್ಲವೇ ಇಲ್ಲ. ಯಂತ್ರಕ್ಕೆ ಕನ್ನಡ ಕಲಿಸಿದ ದನಿಗಳನ್ನು ಒಂದು ಕೋಣೆಯಲ್ಲಿ ಕೇಳಿಸಿ, ಅವು ಎಲ್ಲಿಂದ ಬಂದವು, ಯಾವ ಉಪಭಾಷೆಗೆ ಜಾಗ ಸಿಕ್ಕಿತು, ಯಾವುದು ಹೊರಗುಳಿಯಿತು, ಓದಿದವರ ಕೈಗೆ ಎಷ್ಟು ಹಣ ಬಂತು, ಆಮೇಲೆ ಆ ದನಿ ಯಾರ ಕೈ ಸೇರಿತು ಎಂದು ತೋರಿಸುವ ಪ್ರತಿಷ್ಠಾಪನೆಯೊಂದನ್ನು ನಮ್ಮ ಕಲಾವಿದರು ಕಟ್ಟಬಲ್ಲರು. ಕೃಷ್ಣೆಯ ದಡದ ಮಾತೂ ಕಾವೇರಿಯ ದಡದ ಮಾತೂ ಅಲ್ಲಿ ಅಕ್ಕಪಕ್ಕದಲ್ಲಿ ಕೇಳಬೇಕು. ಅದು ಬೆಂಗಳೂರಿನಲ್ಲಿ ಒಂದು ತಿಂಗಳು ನಡೆದು ಮುಗಿದರೆ ಸಾಲದು. ದನಿ ಕೊಟ್ಟವರ ಊರುಗಳಿಗೆ ಹೋಗಬೇಕು, ಜಿಲ್ಲಾ ರಂಗಮಂದಿರಗಳಲ್ಲಿ, ಕಾಲೇಜುಗಳಲ್ಲಿ ನಿಲ್ಲಬೇಕು. ಫಲಕಗಳು ಕನ್ನಡದಲ್ಲಿರಬೇಕು, ದನಿ ಕೊಟ್ಟವರು ಸಹಿ ಹಾಕಿದ ಕರಾರಿನ ಪ್ರತಿಯೂ ಅಲ್ಲೇ ಕನ್ನಡದಲ್ಲಿ ಓದಲು ಸಿಗಬೇಕು.